ಇಟ್ಟಿಗೆ ಗೂಡಿನ ಬಿಸಿಯಲ್ಲಿ ಬಲ್ಬು ಹತ್ತಿಸಲು ಹೋಗಿ: ಮಾಲೂರಿನ ಒಂದು ಪ್ರಕರಣ

ಮಾಲೂರಿನ ಹೊರವಲಯದ ಒಂದು ಇಟ್ಟಿಗೆ ಕಾರ್ಖಾನೆ. ರಾತ್ರಿ ಒಂಬತ್ತೂವರೆ. ಕರೆಂಟು ಹೋಗಿದೆ. ಗೂಡಿನ ಒಳಗೆ 900 ಡಿಗ್ರಿ ಬೆಂಕಿ, ಹೊರಗೆ ಕಗ್ಗತ್ತಲು. ಬೆಂಕಿ ನೋಡಿಕೊಳ್ಳುವವರನ್ನು ಅಲ್ಲಿ ಎಲ್ಲರೂ ಬೆಂಕಿಯಣ್ಣ ಅಂತಲೇ ಕರೆಯುವುದು. ಅವರು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಎರಡೂ ಕೈಯಲ್ಲಿ ನೀಲಗಿರಿ ಸೌದೆ ಹಿಡಿದು ಒಲೆ ಬಾಯಿಗೆ ನೂಕುತ್ತಿದ್ದಾರೆ. ಬಿಸಿ ತೋರಿಸುವ ಡಿಜಿಟಲ್ ಮೀಟರ್ ಕೂಡ ಆರಿಹೋಗಿದೆ. ಹಾಗಾಗಿ ಒಳಗೆ ಎಷ್ಟು ಡಿಗ್ರಿ ಅಂತ ಉರಿಯ ಬಣ್ಣ ನೋಡಿಯೇ ಹೇಳಬೇಕು.

"ಏನ್ ಮೇಷ್ಟ್ರೇ, ಒಂದೂರಿಗೆ ಅಡುಗೆ ಮಾಡೋವಷ್ಟು ಬೆಂಕಿ ಇಟ್ಕೊಂಡು ನಾವು ಟಾರ್ಚ್ ಹಿಡೀಬೇಕಾ?" ಅಂದರು ಯಜಮಾನರು.

ನಾನು ಡಿಪ್ಲೊಮಾ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಮಾಡಿ ನಿವೃತ್ತನಾದವನು. ಕೋಲಾರದಲ್ಲಿ ಒಂದು ಸಣ್ಣ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದೇನೆ. ಅವತ್ತು ಹೋಗಿದ್ದು ಗೂಡಿನ ಕಬ್ಬಿಣದ ಬಾಗಿಲು ರಿಪೇರಿಗೆ. ಯಜಮಾನರ ಮಾತು ತಲೆಯಲ್ಲಿ ಕೂತುಬಿಟ್ಟಿತು. 1902ರಲ್ಲೇ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್. ಗಣಿಗೆ ಕರೆಂಟು ತಂದ ಜಿಲ್ಲೆ ನಮ್ಮದು. ಆಗ ಬೆಂಗಳೂರಿನ ಬೀದಿಗಳಿಗೂ ದೀಪ ಬಂದಿರಲಿಲ್ಲ. ಇರಲಿ, ಆ ಹಳೇ ಜಂಬದಿಂದ ಈಗ ಬಲ್ಬು ಹತ್ತುವುದಿಲ್ಲವಲ್ಲ.

ಯಜಮಾನರಿಗೆ ಬೇಕಾಗಿದ್ದು ಜಾಸ್ತಿಯೇನೂ ಅಲ್ಲ. ಒಲೆ ಬಾಯಿಗಳ ಮುಂದೆ 3 ವ್ಯಾಟಿನ ನಾಲ್ಕು ಎಲ್‌ಇಡಿ, ಆಮೇಲೆ ಆ ಮೀಟರು, ಜೊತೆಗೆ ಒಂದೆರಡು ಫೋನ್ ಚಾರ್ಜ್. ಎಲ್ಲ ಸೇರಿ 20 ವ್ಯಾಟ್. ಗೂಡಿನಲ್ಲಿ ಗಂಟೆಗೆ ನೂರು ಕಿಲೋ ಸೌದೆ ಉರಿಯುತ್ತದೆ ಅಂದುಕೊಳ್ಳಿ. ಅದರ ಶಾಖ ಸುಮಾರು 400 ಕಿಲೋವ್ಯಾಟ್. ಅಷ್ಟರಲ್ಲಿ 20 ವ್ಯಾಟ್ ಅಂದರೆ ಸಮುದ್ರದಿಂದ ಒಂದು ಚೊಂಬು. ಸುಲಭ ಅಲ್ವಾ ಅನ್ನಿಸಿತು.

ಮೊದಲ ಹತ್ತು ನಿಮಿಷ

ನನಗಿಂತ ಮುಂಚೆ ಯಜಮಾನರ ಮಗ ಕೈ ಹಾಕಿದ್ದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಎಸ್‌.ಪಿ. ರೋಡಿನಿಂದ ಪೆಲ್ಟಿಯರ್ ಪ್ಲೇಟು ತಂದಿದ್ದ. ಬಿಸ್ಕತ್ತಿನಷ್ಟು ದೊಡ್ಡ ಬಿಳಿ ಚೌಕ, ಅದರಿಂದ ಎರಡು ವೈರು, ಒಂದು ಕೆಂಪು, ಒಂದು ಕಪ್ಪು. ಸಣ್ಣ ಕೂಲರ್ ಡಬ್ಬಿಗಳಲ್ಲಿ ಇರುವುದು ಇದೇ. ಕರೆಂಟು ಕೊಟ್ಟರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ತಿರುಗಾಮುರುಗಾ ಮಾಡಿ ಒಂದು ಮುಖ ಬಿಸಿ, ಇನ್ನೊಂದು ತಣ್ಣಗೆ ಇಟ್ಟರೆ ಕರೆಂಟು ಬರುತ್ತದೆ. 1821ರಲ್ಲಿ ಸೀಬೆಕ್ ಕಂಡದ್ದು ಇದನ್ನೇ. ಎರಡು ಬೇರೆ ಲೋಹ ಬೆಸೆದು ಒಂದು ಬೆಸುಗೆ ಕಾಯಿಸಿದಾಗ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲ್ಲಾಡಿತು. ಅವನು ಅದನ್ನು ಅಯಸ್ಕಾಂತದ ಆಟ ಅಂದುಕೊಂಡಿದ್ದ.

ಹುಡುಗ ಪ್ಲೇಟನ್ನು ಒಲೆ ಬಾಗಿಲಿನ ಕಬ್ಬಿಣಕ್ಕೆ ಒತ್ತಿ ಹಿಡಿದ. ಎಲ್‌ಇಡಿ ಹತ್ತಿತು. ಎಲ್ಲರೂ ಫೋನ್ ತೆಗೆದು ವಿಡಿಯೊ ಮಾಡಿಕೊಂಡರು. ಹತ್ತು ನಿಮಿಷಕ್ಕೆ ಆರಿತು, ಮತ್ತೆ ಹತ್ತಲಿಲ್ಲ.

ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಸಣ್ಣ ಕಾಲುಗಳು, ಅಂದರೆ ಕರೆಂಟು ಮಾಡುವ ತುಂಡುಗಳು, ಜಾರಿ ಒಂದು ಕಡೆ ಗುಡ್ಡೆಯಾಗಿದ್ದವು. ಕೂಲರ್ ಪ್ಲೇಟಿನ ಒಳಗಿರುವುದು ಬಿಸ್ಮತ್ ಮತ್ತು ತವರದ ಬೆಸುಗೆ. 138 ಡಿಗ್ರಿಗೆ ಕರಗುತ್ತದೆ. ಕರೆಂಟು ತೆಗೆಯಲೆಂದೇ ಮಾಡಿದ ಪ್ಲೇಟು ಬೇರೆ ಸಿಗುತ್ತದೆ. ಅದು 250 ಡಿಗ್ರಿಯ ಆಸುಪಾಸು ತಡೆಯುತ್ತದೆ, ಬೆಲೆಯೂ ಜಾಸ್ತಿ. ಗೂಡಿನಲ್ಲಿ ಇರುವುದು 900. ಪ್ಲೇಟಿಗೆ ಬೇಕಾಗಿದ್ದು 200ರ ಹತ್ತಿರ, ಅದೂ ಏರಿಳಿತವಿಲ್ಲದೆ. ಸೌದೆ ನೂಕಿದಾಗ ಬೆಂಕಿ ಭುಗ್ ಅನ್ನುತ್ತದೆ, ಐದು ನಿಮಿಷಕ್ಕೆ ಇಳಿಯುತ್ತದೆ. ಬೂದಿ, ಮಸಿ ಬೇರೆ. ಬೆಂಕಿಯನ್ನೂ ಪ್ಲೇಟನ್ನೂ ದೂರ ಇಟ್ಟು, ಬಿಸಿಯನ್ನು ಮಾತ್ರ ನಡುವೆ ಸಾಗಿಸಬೇಕು.

ಒಂದು ಹನಿಯ ಕೆಲಸ

ಸಾಗಿಸಲು ತಾಮ್ರದ ಸಲಾಕೆ ಸಾಕಲ್ಲ ಅಂದ ಹುಡುಗ. ಲೆಕ್ಕ ಹಾಕಿ ತೋರಿಸಿದೆ. ಪ್ಲೇಟುಗಳಿಗೆ ಬೇಕಾದ ಶಾಖವನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು 120 ವ್ಯಾಟ್. ಒಂದಿಂಚು ದಪ್ಪ, ಅರ್ಧ ಮೀಟರ್ ಉದ್ದದ ಸಲಾಕೆಯಲ್ಲಿ 120 ವ್ಯಾಟ್ ಶಾಖ ಹರಿಯಬೇಕಾದರೆ ಎರಡು ತುದಿಗಳ ನಡುವೆ 300 ಡಿಗ್ರಿ ವ್ಯತ್ಯಾಸ ಬೇಕು. ನಾವು ಬಿಸಿ ತೆಗೆಯಬೇಕೆಂದಿದ್ದ ಜಾಗದಲ್ಲಿ, ಅಂದರೆ ಚಿಮಣಿ ಬುಡದ ಹೊಗೆ ಕಾಲುವೆಯಲ್ಲಿ, ಇದ್ದದ್ದು 400. ಸಲಾಕೆಯೇ ಮುಕ್ಕಾಲು ಪಾಲು ತಿಂದುಬಿಡುತ್ತದೆ.

ಇಲ್ಲಿ ಬರುವುದು ಹೀಟ್ ಪೈಪ್. ಎರಡೂ ತುದಿ ಮುಚ್ಚಿದ ಕೊಳವೆ, ಒಳಗೆ ಗಾಳಿ ಇಲ್ಲ, ಸ್ವಲ್ಪ ನೀರು ಮಾತ್ರ. ಕೆಳ ತುದಿ ಕಾದರೆ ನೀರು ಹಬೆಯಾಗಿ ಮೇಲೆ ಓಡುತ್ತದೆ. ತಣ್ಣಗಿನ ತುದಿಯಲ್ಲಿ ಮತ್ತೆ ನೀರಾಗುತ್ತದೆ, ಆವಿಯಾಗಲು ನುಂಗಿದ್ದ ಶಾಖವನ್ನೆಲ್ಲ ಅಲ್ಲಿ ಕಕ್ಕುತ್ತದೆ. ಆಮೇಲೆ ಇಳಿದು ಬರುತ್ತದೆ. ಪೈಪು ನೆಟ್ಟಗೆ ನಿಂತಿದ್ದರೆ ತಾನೇ ಇಳಿಯುತ್ತದೆ. ಅಡ್ಡ ಮಲಗಿಸಿದ್ದರೆ ಒಳಗೋಡೆಗೆ ಒಂದು ಬತ್ತಿ ಬೇಕು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರನ್ನು ಎಳೆಯುತ್ತದೆ. ಲ್ಯಾಪ್‌ಟಾಪ್ ಬಿಚ್ಚಿದರೆ ಕಾಣುವ ಚಪ್ಪಟೆ ತಾಮ್ರದ ಪಟ್ಟಿ ಇದೇ. ಕೆಲವು ಸೋಲಾರ್ ವಾಟರ್ ಹೀಟರ್‌ಗಳ ಗಾಜಿನ ಕೊಳವೆಯೊಳಗೆ ಇರುವುದೂ ಇದೇ.

120 ವ್ಯಾಟ್ ಸಾಗಿಸಲು ಎಷ್ಟು ನೀರು ಓಡಾಡಬೇಕು ಗೊತ್ತಾ? ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಹನಿ, ಅಷ್ಟೇ. ಎರಡು ತುದಿಗಳ ನಡುವೆ ಕೆಲವೇ ಡಿಗ್ರಿ ವ್ಯತ್ಯಾಸ. ಈ ಲೆಕ್ಕ ಎಷ್ಟು ಸಲ ಮಾಡಿದರೂ ನನಗೆ ಖುಷಿಯಾಗುತ್ತದೆ.

ಹುಡುಗನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. "ಅಂಕಲ್, 900 ಡಿಗ್ರಿ ಇದ್ದಾಗ 400ರ ಹೊಗೆಗೆ ಯಾಕೆ ಹೋಗೋದು? ಸೋಡಿಯಂ ಹಾಕಿದ ಪೈಪ್ ಇರುತ್ತಲ್ಲ" ಅಂದ. ಇರುತ್ತದೆ, ನಿಜ. ಸೋಡಿಯಂ 98 ಡಿಗ್ರಿಗೆ ಕರಗಿ 883ಕ್ಕೆ ಕುದಿಯುತ್ತದೆ. ಗೂಡಿನ ಬಿಸಿಗೆ ಹೇಳಿ ಮಾಡಿಸಿದ ಹಾಗಿದೆ. ಅಸಲಿಗೆ ಹೀಟ್ ಪೈಪ್ ಬೆಳೆದದ್ದೇ ಅಂಥ ಬಿಸಿಗಾಗಿ. ಜನರಲ್ ಮೋಟರ್ಸ್‌ನ ಗಾಗ್ಲರ್ ಎಂಬವರು 1942ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು, ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಗ್ರೋವರ್ ಮತ್ತು ಸಂಗಡಿಗರು ಅದನ್ನು ಹೊಸದಾಗಿ ಕಂಡುಕೊಂಡರು. ಹೆಸರಿಟ್ಟವರೂ ಅವರೇ. ಅವರ ತಲೆಯಲ್ಲಿ ಇದ್ದದ್ದು ಬಾಹ್ಯಾಕಾಶದಲ್ಲಿ ಓಡುವ ಅಣುಸ್ಥಾವರ, ಅದರ ಶಾಖದಿಂದ ನೇರವಾಗಿ ಕರೆಂಟು ಮಾಡುವ ಥರ್ಮಿಯಾನಿಕ್ ಸಾಧನ.

ಥರ್ಮಿಯಾನಿಕ್ ಅಂದರೆ ಹಳೇ ರೇಡಿಯೊ ವಾಲ್ವಿನ ಅಣ್ಣ. ಟಂಗ್‌ಸ್ಟನ್‌ನಂಥ ಲೋಹವನ್ನು 1500 ಡಿಗ್ರಿಗೂ ಮೇಲೆ ಕಾಯಿಸಿದರೆ ಎಲೆಕ್ಟ್ರಾನುಗಳು ಅದರ ಮೈಯಿಂದಲೇ ಹಾರಿಹೋಗುತ್ತವೆ. ಕೂದಲೆಳೆಯಷ್ಟು ದೂರದಲ್ಲಿ ತಣ್ಣಗಿನ ಇನ್ನೊಂದು ತಗಡು ಇಟ್ಟು ಹಿಡಿದುಕೊಂಡರೆ ಅದೇ ಕರೆಂಟು. ನಡುವೆ ಸ್ವಲ್ಪ ಸೀಸಿಯಂ ಆವಿ ತುಂಬಿದರೆ ಕೆಲಸ ಸಲೀಸು. ತಿರುಗುವ ಭಾಗ ಒಂದೂ ಇಲ್ಲ. ಸೋವಿಯತ್ತಿನವರು 1987ರಲ್ಲಿ ಟೋಪಾಜ್ ಎಂಬ ಇಂಥ ಸ್ಥಾವರವನ್ನು ಕಾಸ್ಮೋಸ್ 1818, ಕಾಸ್ಮೋಸ್ 1867 ಉಪಗ್ರಹಗಳಲ್ಲಿ ಹಾರಿಸಿದರು. ಬಂದ ಕರೆಂಟು ಸುಮಾರು 5 ಕಿಲೋವ್ಯಾಟ್. ಸೋಡಿಯಂ ಹೀಟ್ ಪೈಪ್ ಹಾಕಿದ ಪುಟ್ಟ ಸ್ಥಾವರವೊಂದನ್ನು ನಾಸಾದವರು 2018ರಲ್ಲಿ ನೆವಾಡಾದಲ್ಲಿ ಓಡಿಸಿ ನೋಡಿದರು. ಅದರಲ್ಲಿ ಕರೆಂಟು ಮಾಡಿದ್ದು ಮಾತ್ರ ಸ್ಟರ್ಲಿಂಗ್ ಇಂಜಿನ್, ಅಂದರೆ ಕಾದು ಹಿಗ್ಗುವ ಅನಿಲದಿಂದ ಪಿಸ್ಟನ್ ಓಡಿಸುವ ಯಂತ್ರ.

ನಾವು ಸೋಡಿಯಂ ಬೇಡ ಅಂದದ್ದಕ್ಕೆ ಎರಡು ಕಾರಣ. ಥರ್ಮಿಯಾನಿಕ್‌ಗೆ 1500 ಬೇಕು, ಗೂಡು ಅಲ್ಲಿಗೆ ಮುಟ್ಟುವುದೇ ಇಲ್ಲ. 250 ತಡೆಯುವ ಪ್ಲೇಟಿನ ಹತ್ತಿರ 800 ಡಿಗ್ರಿಯ ಪೈಪು ತಂದು ಏನು ಮಾಡೋಣ? ಇನ್ನೊಂದು ಕಾರಣಕ್ಕೆ ಲೆಕ್ಕವೇ ಬೇಡ. ಸೋಡಿಯಂ ನೀರು ಕಂಡರೆ ಉರಿದೇಳುತ್ತದೆ. ಇಟ್ಟಿಗೆ ಕಾರ್ಖಾನೆ ಅಂದರೆ ಹಸಿ ಮಣ್ಣು, ನೀರು, ಸುತ್ತ ಓಡಾಡುವ ಮಕ್ಕಳು. ವೆಲ್ಡಿಂಗಿನಲ್ಲಿ ಒಂದು ಸೂಜಿಮೊನೆಯಷ್ಟು ತೂತು ಉಳಿದರೆ ಮುಗಿಯಿತು.

ಪೈಪು ಮಾಡಿದ್ದು

ನಾಲ್ಕು ತಾಮ್ರದ ಕೊಳವೆ, ಒಂದೊಂದು ಒಂದಿಂಚು. ಒಂದು ತುದಿ ಬ್ರೇಜಿಂಗ್ ಮಾಡಿ ಮುಚ್ಚಿದೆ. ಇನ್ನೊಂದು ತುದಿಗೆ ಪೆನ್ಸಿಲ್ ದಪ್ಪದ ಸಣ್ಣ ನಳಿಕೆ. ಕಾಲು ಭಾಗ ಬಟ್ಟಿ ಇಳಿಸಿದ ನೀರು ಹಾಕಿ, ಕೆಳಗಡೆ ಬರ್ನರ್ ಇಟ್ಟು ಕುದಿಸಿದೆ. ಮೊದಮೊದಲು ಗಾಳಿ ಸೇರಿದ ಹಬೆ ಪುಸುಪುಸು ಅನ್ನುತ್ತದೆ. ಆಮೇಲೆ ಸುಯ್ ಅಂತ ಒಂದೇ ಸಮ ಹೊಡೆಯುತ್ತದೆ. ಆಗ ಇಕ್ಕಳದಲ್ಲಿ ನಳಿಕೆ ಚಪ್ಪಟೆ ಮಾಡಿ, ಬರ್ನರ್ ತೆಗೆದು, ಬಾಯಿಗೆ ಬೆಸುಗೆ. ಪರೀಕ್ಷೆ ಸುಲಭ: ಬಿಸಿನೀರಿನ ಚೊಂಬಿನಲ್ಲಿ ಬುಡ ಅದ್ದಿ ಮೇಲಿನ ತುದಿ ಹಿಡಿದುಕೊಳ್ಳಿ. ಐದಾರು ಎಣಿಸುವಷ್ಟರಲ್ಲಿ ಕೈ ಬಿಡಬೇಕು. ಮೂರು ಪೈಪು ಪಾಸಾದವು. ನಾಲ್ಕನೆಯದರ ತುದಿ ಮಾತ್ರ ತಣ್ಣಗೇ ಇತ್ತು. ಒಳಗೆ ಗಾಳಿ ಉಳಿದಿತ್ತು, ಹಬೆ ಅದನ್ನು ಮೇಲಕ್ಕೆ ತಳ್ಳಿ ಮೂಲೆಗೆ ಸೇರಿಸಿತ್ತು. ಕತ್ತರಿಸಿ ಮತ್ತೆ ಮಾಡಿದೆ.

ಪೈಪಿನ ಬುಡ ಹೊಗೆ ಕಾಲುವೆಯೊಳಗೆ, ತಲೆ ಹೊರಗೆ ಒಂದು ಅಲ್ಯೂಮಿನಿಯಂ ಗಟ್ಟಿಯಲ್ಲಿ. ಗಟ್ಟಿಯ ಎರಡು ಪಕ್ಕಕ್ಕೂ ಪ್ಲೇಟು, ಒಟ್ಟು ಎಂಟು. ಪ್ಲೇಟಿನ ಆಚೆ ಮುಖಕ್ಕೆ ನೀರು ಹರಿಯುವ ಡಬ್ಬಿ. ಡಬ್ಬಿಯಿಂದ ಮೇಲಿಟ್ಟ ಡ್ರಮ್ಮಿಗೆ ಎರಡು ಪೈಪು, ಒಂದು ತಳಕ್ಕೆ, ಒಂದು ಮೇಲಕ್ಕೆ. ಬಿಸಿನೀರು ಹಗುರ, ತಾನೇ ಏರುತ್ತದೆ. ತಣ್ಣೀರು ಇಳಿಯುತ್ತದೆ. ಪಂಪ್ ಬೇಡ.

ಮೊದಲ ರಾತ್ರಿ 50 ಲೀಟರಿನ ಡ್ರಮ್ಮು ಇಟ್ಟಿದ್ದೆವು. ಸಂಜೆ ಆರಕ್ಕೆ ಹೀಟ್ ಪೈಪಿನ ತಲೆ 170 ಡಿಗ್ರಿ, ನೀರು 30. 13 ವ್ಯಾಟ್ ಬಂತು. ಯಜಮಾನರು ಬಲ್ಬಿಗೆ ಊದುಬತ್ತಿ ಬೆಳಗಿದರು. ಹನ್ನೊಂದು ಗಂಟೆ ಹೊತ್ತಿಗೆ ಬಲ್ಬು ಮಂಕಾಯಿತು. 6 ವ್ಯಾಟ್. ಬೆಂಕಿ ಏನೂ ಕಡಿಮೆಯಾಗಿರಲಿಲ್ಲ. ಡ್ರಮ್ಮಿಗೆ ಕೈ ಹಾಕಿದರೆ ಸುಟ್ಟಿತು: ನೀರು 70 ಡಿಗ್ರಿ ಮುಟ್ಟಿತ್ತು.

ಪಾಠ ಮಾಡುವಾಗ ನೂರು ಸಲ ಬೋರ್ಡಿನ ಮೇಲೆ ಬರೆದಿದ್ದೆ, ಆದರೆ ಆ ರಾತ್ರಿ ಡ್ರಮ್ಮಿನಿಂದ ಕೈ ಕಿತ್ತಾಗಲೇ ಅರ್ಥವಾಗಿದ್ದು. ಈ ಪ್ಲೇಟು ಬಿಸಿಗೆ ಕರೆಂಟು ಕೊಡುವುದಿಲ್ಲ, ಬಿಸಿ ತಣ್ಣಗಿನ ನಡುವಿನ ವ್ಯತ್ಯಾಸಕ್ಕೆ ಕೊಡುತ್ತದೆ. ಅದೂ ವರ್ಗದ ಲೆಕ್ಕದಲ್ಲಿ: ವ್ಯತ್ಯಾಸ ಅರ್ಧವಾದರೆ ಕರೆಂಟು ಕಾಲು ಭಾಗ. ನಮ್ಮ ಪ್ಲೇಟುಗಳು ನುಂಗಿದ್ದು ಸುಮಾರು 480 ವ್ಯಾಟ್ ಶಾಖ, ಕೊಟ್ಟಿದ್ದು 13. ಉಳಿದ 467 ನೇರ ನೀರಿಗೆ.

ನಾವೆಲ್ಲ ಇಷ್ಟು ದಿನ ಬೆಂಕಿ ಲೆಕ್ಕ ಹಾಕುತ್ತಾ ಕೂತಿದ್ದೆವು. ಬೆಂಕಿ ಸುಮ್ನೆ ಬಿದ್ದಿತ್ತು. ಇಲ್ಲದ್ದು ತಣ್ಣಗಿನ ಜಾಗ. ಇದನ್ನೇ ಒಂದು ಕಿಲೋವ್ಯಾಟಿಗೆ ಬೆಳೆಸಿ ನೋಡಿ. ತುಂಬ ಉದಾರವಾಗಿ 5 ಶೇಕಡಾ ದಕ್ಷತೆ ಅಂತಲೇ ಇಟ್ಟುಕೊಂಡರೂ 19 ಕಿಲೋವ್ಯಾಟ್ ಶಾಖ ಹೊರಹಾಕಬೇಕು. ನೀರು ಆವಿ ಮಾಡಿ ಹೊರಹಾಕಿದರೆ ಗಂಟೆಗೆ 30 ಲೀಟರ್, ದಿನಕ್ಕೆ 700 ಲೀಟರಿಗೂ ಜಾಸ್ತಿ. ಕೋಲಾರದಲ್ಲಿ! ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬುಸ್ಸೆನ್ನುವ ಜಿಲ್ಲೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆ ತುಂಬಿಸುತ್ತಿದ್ದಾರೆ. ಈ ಕಾರ್ಖಾನೆಗೆ ನೀರು ಬರುವುದು ಟ್ಯಾಂಕರಿನಲ್ಲಿ.

ಬಾಹ್ಯಾಕಾಶದವರ ಕಷ್ಟವೂ ಇದೇ ನೋಡಿ. ಅಲ್ಲಿ ನೀರೂ ಇಲ್ಲ, ಗಾಳಿಯೂ ಇಲ್ಲ. ಉಳಿದ ಶಾಖವನ್ನು ತಗಡಿನ ರೆಕ್ಕೆಯಿಂದ ಬರಿದೇ ಕಿರಣವಾಗಿ ಸೂಸಿ ಹೊರಹಾಕಬೇಕು. ರೆಕ್ಕೆ ಎರಡು ಪಟ್ಟು ಬಿಸಿಯಿದ್ದರೆ ಹದಿನಾರು ಪಟ್ಟು ಶಾಖ ಹೊರಗೆ ಹೋಗುತ್ತದೆ, ಬಿಸಿಯನ್ನು ಮೈನಸ್ 273 ಡಿಗ್ರಿಯಿಂದ ಎಣಿಸುವ ಕೆಲ್ವಿನ್ ಲೆಕ್ಕದಲ್ಲಿ. ಥರ್ಮಿಯಾನಿಕ್ ಸಾಧನದಲ್ಲಿ 'ತಣ್ಣಗಿನ' ತುದಿಯೇ ನೂರಾರು ಡಿಗ್ರಿ ಇರುತ್ತದೆ. ಹಾಗಾಗಿ ಸಣ್ಣ ರೆಕ್ಕೆ ಸಾಕು. ಅಷ್ಟು ಬಿಸಿಯ ಹಿಂದೆ ಅವರು ಬಿದ್ದದ್ದು ಇದಕ್ಕೂ ಸೇರಿ.

ಢಮ್

ಎರಡನೇ ಸುತ್ತಿಗೆ 200 ಲೀಟರಿನ ಡ್ರಮ್ಮು ಇಟ್ಟೆವು. ಈಗ ರಾತ್ರಿಯಿಡೀ ಬಲ್ಬು ಚೆನ್ನಾಗಿ ಉರಿಯಿತು. ಬೆಳಗಿನ ಜಾವಕ್ಕೆ ನೀರು 45 ಡಿಗ್ರಿ, ಸ್ನಾನಕ್ಕೆ ಹೇಳಿಮಾಡಿಸಿದ ಬಿಸಿ. ನಾವು ಗಮನಿಸಿದ್ದು ಬಲ್ಬನ್ನು. ಶೆಡ್ಡುಗಳಲ್ಲಿದ್ದ ಹೆಂಗಸರು ಗಮನಿಸಿದ್ದು ಡ್ರಮ್ಮನ್ನು.

ಮೂರನೇ ಬೆಳಗ್ಗೆ ಐದರ ಸುಮಾರಿಗೆ ನಾಲ್ಕೈದು ಮನೆಯವರು ಬಿಂದಿಗೆ ಬಿಂದಿಗೆ ಬಿಸಿನೀರು ತುಂಬಿಕೊಂಡು ಹೋಗಿದ್ದಾರೆ, ಮಕ್ಕಳಿಗೆ ಸ್ನಾನ ಮಾಡಿಸಲು. ತಪ್ಪೇನಿಲ್ಲ, ಯಾರೂ ಬೇಡ ಅಂದಿರಲಿಲ್ಲ. ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗೆ ಇಳಿಯಿತು. ಸುತ್ತು ಕಡಿಯಿತು. ಡಬ್ಬಿಯ ನೀರು ಕುದಿದು ಖಾಲಿಯಾಯಿತು. ಹೀಟ್ ಪೈಪಿನಿಂದ ಶಾಖ ಎಳೆದುಕೊಳ್ಳುವವರು ಯಾರೂ ಇಲ್ಲ. ಇಷ್ಟು ದಿನ ಅದು 170ರಲ್ಲಿ ನಿಂತಿದ್ದದ್ದು ಇನ್ನೊಂದು ತುದಿ ತಣ್ಣಗಿದ್ದ ಪುಣ್ಯಕ್ಕೆ. ಈಗ 400ರ ಹೊಗೆಯ ಕಡೆಗೆ ಏರತೊಡಗಿತು.

ಮುಚ್ಚಿದ ಕೊಳವೆಯಲ್ಲಿ ನೀರು 170 ಡಿಗ್ರಿಯಲ್ಲಿದ್ದಾಗ ಒತ್ತಡ 8 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎಂಟು ಪಟ್ಟು. 250ಕ್ಕೆ 40. 300ಕ್ಕೆ 86. ನಾನು ಚಪ್ಪಟೆ ಮಾಡಿ ಬೆಸೆದ ನಳಿಕೆ ಎಲ್ಲಿ ಕೈಕೊಟ್ಟಿತೋ ಗೊತ್ತಿಲ್ಲ. ಢಮ್ ಅಂದದ್ದು ರಸ್ತೆ ತನಕ ಕೇಳಿಸಿತಂತೆ. ಬೆಂಕಿಯಣ್ಣ ಟೀ ಕುಡಿಯಲು ಹೋಗಿದ್ದರು. ಒಂದು ಪ್ಲೇಟು ಹಾರಿಹೋಗಿ ಹಸಿ ಇಟ್ಟಿಗೆಯ ಸಾಲಿನಲ್ಲಿ ಚುಚ್ಚಿಕೊಂಡಿತ್ತು.

ತಪ್ಪು ನನ್ನದು. ಕೆಲಸ ಸರಿಯಾಗಿ ನಡೆಯುತ್ತಿರುವಾಗ ಪೈಪು ಎಷ್ಟು ಬಿಸಿ ಇರುತ್ತದೆ ಅಂತ ಲೆಕ್ಕ ಹಾಕಿದೆ. ತಣ್ಣೀರು ನಿಂತುಹೋದ ದಿನ ಎಷ್ಟಾಗುತ್ತದೆ ಅಂತ ಹಾಕಲಿಲ್ಲ. ನೀರು ತುಂಬಿದ ಮುಚ್ಚಿದ ಕೊಳವೆಯನ್ನು 400 ಡಿಗ್ರಿಯ ಹೊಗೆಗೆ ಒಡ್ಡುವುದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ. ಇದನ್ನು ಓದಿ ಯಾರಾದರೂ ಮಾಡಲು ಹೊರಟರೆ, ದಯವಿಟ್ಟು ಬೇಡ.

ಉಳಿದದ್ದು

ಪೈಪುಗಳನ್ನು ಕಿತ್ತೆವು. ಒಲೆ ಬಾಯಿಯ ಮೇಲಿನ ಹೊರಗೋಡೆ ಎಷ್ಟು ಉರಿದರೂ 160 ದಾಟಿರಲಿಲ್ಲ. ಅಲ್ಲಿಗೆ ಅಲ್ಯೂಮಿನಿಯಂ ಹಲಗೆ ಒತ್ತಿ ಉಳಿದ ಪ್ಲೇಟು ಕೂರಿಸಿದೆವು. ತಣ್ಣೀರು ನಿಂತರೂ ಅಲ್ಲಿ ಏನೂ ಸಿಡಿಯುವುದಿಲ್ಲ. ಆದರೆ ಇಟ್ಟಿಗೆ ಗೋಡೆ ಶಾಖ ಬಿಟ್ಟುಕೊಡುವುದು ಜಿಪುಣನ ಹಾಗೆ. 3-4 ವ್ಯಾಟ್, ಅಂದರೆ ಒಂದು ಬಲ್ಬು. ಅದೂ ಗೂಡು ಉರಿಯುವ ದಿನಗಳಲ್ಲಿ ಮಾತ್ರ. ಬೆಂದ ಮೇಲೆ ಗೂಡು ಆರಲು ಬಿಟ್ಟರೆ ಅದೂ ಇಲ್ಲ.

ಬಲ್ಬಿನ ವಿಷಯಕ್ಕೆ ಕೊನೆಗೆ ಒಂದು 100 ವ್ಯಾಟಿನ ಸೋಲಾರ್ ಪ್ಯಾನೆಲ್ಲು, ಒಂದು ಬ್ಯಾಟರಿ ತಂದೆವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಟುಕೊಂಡು ನಾವು ಹೊಗೆ ಕಾಲುವೆಯಲ್ಲಿ ತಾಮ್ರ ಹೂತಿದ್ದೆವು. ಪ್ಲೇಟು, ಪೈಪಿಗೆ ಸುರಿದದ್ದರ ಅರ್ಧದಲ್ಲಿ ಕೆಲಸ ಮುಗಿಯಿತು. ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ಹೆಂಗಸರಿಗೆ ಮಾತ್ರ ಡ್ರಮ್ಮು ಬೇಕೇ ಬೇಕು. "ಕರೆಂಟ್ ಹೋದ್ರೆ ಹೋಗ್ಲಿ ಸಾಮೀ, ಆ ನೀರು ತೆಗೀಬ್ಯಾಡಿ" ಅಂದಳು ಒಬ್ಬಳು. ಈಗ ಗೂಡಿನ ಹೊರಗೋಡೆಗೆ ಕಬ್ಬಿಣದ ಪೈಪಿನ ಸುರುಳಿ ಇದೆ, ಮೇಲೆ ಬಾಯಿ ತೆರೆದ ಡ್ರಮ್ಮು, ಹಾಗಾಗಿ ಒತ್ತಡದ ಭಯ ಇಲ್ಲ. ಕಳೆದ ಸಲ ಹೋದಾಗ ಯಜಮಾನರು ಎರಡನೇ ಗೂಡಿಗೂ ಒಂದು ಮಾಡಿಕೊಡಿ ಅಂದರು.

ಇನ್ನು ಆ ಮೀಟರು. ಗೂಡಿಗೆ ಚುಚ್ಚಿರುವ ಥರ್ಮೋಕಪಲ್ ಕೂಡ ಸೀಬೆಕ್ ಆಟವೇ ಅಂತ ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಎರಡು ಲೋಹದ ತಂತಿ, ಬೆಂಕಿಯಲ್ಲಿ ಒಂದು ಬೆಸುಗೆ. ಕೆ ಟೈಪ್ ಎಂಬ ಜಾತಿಯದಾದರೆ 900 ಡಿಗ್ರಿಗೆ 37 ಮಿಲಿವೋಲ್ಟ್ ಕೊಡುತ್ತದೆ. ಡಿಜಿಟಲ್ ಡಬ್ಬಿಗೆ ಕರೆಂಟು ಬೇಕು, ತಂತಿಗೆ ಬೇಡ. ಎಸ್‌.ಪಿ. ರೋಡಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿ, ಮುಳ್ಳಿನ ಪೈರೋಮೀಟರ್, ಅಂದರೆ ಗೂಡಿನ ಬಿಸಿ ತೋರಿಸುವ ಹಳೇ ಕಾಲದ ಮೀಟರು, ತಂದೆ. ಅದು ಓಡುವುದು ಗೂಡಿನ ಬಿಸಿಯಿಂದಲೇ.

ಮೊದಲು ಗೂಡಿನ ಪಕ್ಕದಲ್ಲೇ ನೇತುಹಾಕಿದ್ದೆ. ಡಿಜಿಟಲ್‌ಗಿಂತ ಐವತ್ತು ಡಿಗ್ರಿ ಕಡಿಮೆ ತೋರಿಸಿತು. ಬೆಂಕಿಯಣ್ಣ ಉರಿ ನೋಡಿ, "ಮೇಷ್ಟ್ರೇ, ನಿಮ್ಮ ಮುಳ್ಳು ಸುಳ್ಳು ಹೇಳ್ತಾ ಇದೆ" ಅಂದರು. ಮೀಟರಿನ ಬೆನ್ನು ಮುಟ್ಟಿದೆ. ಕಾದಿತ್ತು. ಇಲ್ಲೂ ತಣ್ಣಗಿನ ತುದಿಯದೇ ತಕರಾರು. ಅದೇ ಜಾತಿಯ ತಂತಿ ಎಳೆದು ಮೀಟರನ್ನು ನೆರಳಿನ ಶೆಡ್ಡಿಗೆ ತಂದು, ಸೊನ್ನೆಯಲ್ಲಿ ನಿಂತಿದ್ದ ಮುಳ್ಳನ್ನು ಸ್ಕ್ರೂ ತಿರುಗಿಸಿ ಶೆಡ್ಡಿನ ಬಿಸಿಯಾದ 30ಕ್ಕೆ ಇಟ್ಟೆ. ಅವತ್ತು ರಾತ್ರಿ ಮತ್ತೆ ಕರೆಂಟು ಹೋಯಿತು. ಬೆಂಕಿಯಣ್ಣ ಶೆಡ್ಡಿಗೆ ಬಂದು ಟಾರ್ಚ್ ಹಾಕಿ ನೋಡಿದರು. ಮುಳ್ಳು 910ರಲ್ಲಿ ನಿಂತಿತ್ತು. ಇನ್ನೆರಡು ಸೌದೆ ಸಾಕು ಅಂತ ಹೇಳಿ ಹೊರಗೆ ಹೋದರು.